ಹಾಡು ನಿಲ್ಲಿಸಬೇಡ, ಗಂಗೀ

"ಕೈ ತೆಗಿಯೇ ಬಂಗಾರಿ! ನಾಳೆ ಮದುವೆ ಮಾಡಿ ಕಳ್ಸುವಾಗೂ ಹಿಂಗೇ ಹಿಡ್ಕಂಡಿರ್ತ್ಯಾ?" ಎಂದು ಅತ್ತೆ ಕಾಳಿ ದಡದಿಂದ ಕೂಗಿದಳು. ಹೆಂಗಸರು ಮೆಲ್ಲಗೆ ನಕ್ಕರು. ಎದೆಮಟ್ಟದ ನೀರಿನಲ್ಲಿ ನಿಂತಿದ್ದ ಬಂಗಾರಿಗೆ ನಗು ಬರಲಿಲ್ಲ. ಅವಳ ಅಂಗೈಗಳ ಮೇಲೆ ಆರು ವರ್ಷದ ಮಗಳು ಗಂಗಿ ಅಂಗಾತ ಮಲಗಿದ್ದಳು.

ಮಳೆ ಹಿಡಿಯುವ ಮೊದಲು, ಹೊಳೆ ನಡುವಿನ ನಡುಗಡ್ಡೆ ಮಾವಿನಕುರ್ವೆಯ ಮಕ್ಕಳನ್ನೆಲ್ಲ ಹೀಗೆ ಹೊಳೆಗಿಳಿಸಿ ತೇಲಲು ಕಲಿಸುತ್ತಿದ್ದರು. ತೇಲುವಾಗ ಮಗು ಹಾಡುತ್ತಲೇ ಇರಬೇಕು. ಹಾಡಿದರೆ ಉಸಿರು ಹದಕ್ಕೆ ಬರುತ್ತದೆ, ಹುಡುಕುವವರಿಗೆ ದನಿಯೂ ಸಿಗುತ್ತದೆ. ಹೋದ ವರ್ಷ ಬಂಗಾರಿ ಹೆದರಿ, ಮಗ ಶುಕ್ರನನ್ನು ನೀರಿಗೆ ಬಿಡದೆ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು. ಶ್ರಾವಣದಲ್ಲಿ ಶಾಲೆಗೆ ದಾಟುವ ದೋಣಿ ಮಗುಚಿತು. ಹಾಡುತ್ತಿದ್ದ ಮಕ್ಕಳೆಲ್ಲ ಸಿಕ್ಕರು. ಶುಕ್ರ ಸಿಗಲಿಲ್ಲ.

"ಅವ್ವೀ, ಹಾಡ್ಲಾ?" ಎಂದಳು ಗಂಗಿ.

"ಹಾಡು ಮಗಾ, ನಿಲ್ಸಬೇಡ" ಎಂದು ಬಂಗಾರಿ ಕಣ್ಣು ಮುಚ್ಚಿಕೊಂಡಳು. ಭತ್ತ ಕುಟ್ಟುವಾಗ ಅಜ್ಜಿ ಹೇಳುವ ಹಾಡನ್ನೇ ಗಂಗಿ ಎತ್ತಿಕೊಂಡಳು. ಮೊದಲ ಸಾಲು ನಡುಗಿತು, ಮುಂದಿನದು ನೆಟ್ಟಗಾಯಿತು. ದಡದ ನಗು ನಿಂತಿತು. ಈ ಸಾಲು ಮುಗಿಯಲಿ, ಕೈ ತೆಗೆಯುತ್ತೇನೆ. ಇನ್ನೊಂದು ಸಾಲು, ಆಮೇಲೆ ಖಂಡಿತ ತೆಗೆಯುತ್ತೇನೆ ಎಂದು ಬಂಗಾರಿ ತನಗೆ ತಾನೇ ಹೇಳಿಕೊಳ್ಳುತ್ತಲೇ ಇದ್ದಳು.

ಹಾಡು ಯಾಕೋ ದೂರದಿಂದ ಕೇಳಿಸಿತು. ಕಣ್ಣು ಬಿಟ್ಟಳು. ನಾಲ್ಕು ಮಾರು ಆಚೆ, ಇಳಿತದ ನೀರಿನ ಮೇಲೆ, ಗಂಗಿ ಆಕಾಶ ನೋಡುತ್ತ ಗಂಟಲು ಬಿಟ್ಟು ಹಾಡುತ್ತಿದ್ದಳು. ಪಕ್ಕದಲ್ಲೇ ದೋಣಿಯಲ್ಲಿ ಕಾಯುತ್ತಿದ್ದ ಅಪ್ಪ ಜಟ್ಟ ಹುಟ್ಟು ಹಾಕುವುದನ್ನೇ ಮರೆತಿದ್ದ. ಬಂಗಾರಿಯ ಕೈಗಳು ಇನ್ನೂ ಹಾಗೇ ಚಾಚಿಕೊಂಡಿದ್ದವು. ಅವುಗಳ ಮೇಲೆ ಹೊಳೆ ಹರಿಯುತ್ತಿತ್ತು.