ಮಂತ್ರಿಗೆ ಕೊಟ್ಟ ಮನವಿ

ಮನವಿಪತ್ರ ಓದುತ್ತ ಓದುತ್ತ ಕಾರ್ಮಿಕ ಮಂತ್ರಿಯ ಮುಖ ಬಿಗಿಯಿತು. ಬೀಡಿ ಕಟ್ಟುವವರ ಸಂಘದಿಂದಲೇ ಮೇಲೆ ಬಂದ ಮನುಷ್ಯ, ನಮ್ಮವರೇ ಎಂದು ಅದೇ ಸಂಘದ ಗುಲಾಬಕ್ಕ ಧೈರ್ಯ ಮಾಡಿ ಅದನ್ನು ತಂದಿದ್ದಳು.

“‘ಧಣಿಗಳ ಮಡಿಲಲ್ಲಿ ಕೂತ ಮಂತ್ರಿ’! ಇದೆಂಥ ಭಾಷೆ? ಯಾರು ಬರೆದದ್ದು?”

“ಬೇಡಿಕೆ ಹಳೆಯದೇ, ಕಾಮ್ರೇಡ್...”

“ಬೇಡಿಕೆ ಇರಲಿ. ಪಾಪದ ಹೆಂಗಸರ ತಲೆ ಕೆಡಿಸುವ ಅವನ ಹೆಸರು ಹೇಳಿ. ಇವತ್ತೇ ಒಳಗೆ ಹಾಕಿಸ್ತೇನೆ!”

ಬಾಗಿಲಲ್ಲಿದ್ದ ಪೊಲೀಸ್ ಹತ್ತಿರ ಬಂದ. ಗುಲಾಬಕ್ಕ ಚೀಲದಿಂದ ಹಳದಿಗಟ್ಟಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

“ಮಂತ್ರಿ ಬದಲಾದಾಗಲೆಲ್ಲ ನಾವು ಇದನ್ನೇ ನೋಡಿ ಟೈಪ್ ಮಾಡಿಸುವುದು. ಹೆಸರು, ತಾರೀಖು ಮಾತ್ರ ಬೇರೆ. ಬರೆದದ್ದು ನೀವೇ, ಕಾಮ್ರೇಡ್. ಅಡಿಯಲ್ಲಿ ನಿಮ್ಮ ರುಜು ಉಂಟು.”