ಪೆಗ್ಗಿಗೊಂದು ಚಪಾತಿ

ದಾಕ್ಷಾಯಿಣಿ ಚಪಾತಿ ಲಟ್ಟಿಸುತ್ತಿದ್ದಳು. ಗಂಡ ರೇವಣ್ಣ ಫೋನು ಹಿಡಿದುಕೊಂಡೇ ಅಡುಗೆಮನೆಗೆ ಬಂದ.

"ನಂಗೆ ಚಪಾತಿ ಬೇಡ ಕಣೇ. ಒಂದು ಪೆಗ್ಗೂ ಒಂದು ಚಪಾತಿನೂ ಕ್ಯಾಲರೀಲಿ ಹೆಚ್ಚು ಕಮ್ಮಿ ಒಂದೇ ಅಂತೆ. ಇದನ್ನ ಬಿಟ್ಟು ಅದನ್ನ ಹಾಕಿದ್ರೆ ಆಯ್ತು."

"ಪೆಗ್ಗು ಬಿಡಿ ಅಂತ ಅಲ್ವೇನ್ರೀ ಡಾಕ್ಟ್ರು ಹೇಳಿದ್ದು?"

"ಕ್ಯಾಲರಿ ಕಮ್ಮಿ ಮಾಡಿ, ತೂಕ ಇಳಿಸಿ ಅಂದ್ರು. ಯಾವುದರ ಕ್ಯಾಲರಿ ಅಂತ ಹೇಳ್ಲಿಲ್ಲ."

ಅವಳು ಹಿಟ್ಟು ಮುಚ್ಚಿಟ್ಟಳು. "ಪಕ್ಕದೂರಿನ ಹಾಸ್ಟೆಲ್ಲಿನವರು ವಾರ್ಡನ್ ಕೆಲಸಕ್ಕೆ ಕರೆದು ತಿಂಗಳಾಯ್ತು. ಒಪ್ಪಿಗೆ ಪತ್ರ ಬರೆದು ಇಟ್ಕೊಂಡೇ ಇದೀನಿ. ಅಂಚೆಗೆ ಹಾಕ್ಲಾ?"

"ನೀನು ಹೋಗಿ ಅಲ್ಲಿ ಉಳ್ಕೊಂಡ್ರೆ ನಂಗೆ ಬೇಯಿಸಿ ಹಾಕೋರು ಯಾರೇ?"

ಅವಳು ಮುಚ್ಚಿಟ್ಟ ಹಿಟ್ಟನ್ನು ಮತ್ತೆ ತೆಗೆದು ಲಟ್ಟಿಸತೊಡಗಿದಳು.

ಮರುವಾರ ಎರಡನೆಯ ಪೆಗ್ಗಿಗಾಗಿ ಮಧ್ಯಾಹ್ನದ ಅನ್ನ ಹೋಯಿತು. ಗೆಳೆಯರು ಬಿಯರು ತಂದ ಮೇಲೆ ಬೆಳಗಿನ ದೋಸೆಯೂ ಹೋಯಿತು. ಜೊತೆಗೆ ಮುಕ್ಕುವ ಖಾರದ ಕಡಲೆಬೀಜ ಮಾತ್ರ ಲೆಕ್ಕಕ್ಕೆ ಬರಲಿಲ್ಲ, ಅದನ್ನು ತಿನ್ನುವಾಗ ಕ್ಯಾಲರಿ ಲೆಕ್ಕ ಹಾಕುವ ಫೋನು ಬೇರೆ ಕೋಣೆಯಲ್ಲಿರುತ್ತಿತ್ತು. ಹೊಟ್ಟೆಯೂ ಇದ್ದಲ್ಲೇ ಇತ್ತು.

ಒಂದು ಸಂಜೆ ರೇವಣ್ಣ ಗ್ಲಾಸು ಎತ್ತಿ ಹಿಡಿದ. "ನೋಡೇ, ಹೆಂಗಿದೆ ನನ್ನ ಸಂಯಮ! ನಾಳೆಯಿಂದ ನೀನು ನಂಗೆ ಅಂತ ಏನೂ ಬೇಯಿಸೋ ಹಾಗಿಲ್ಲ."

"ಖಂಡಿತ ತಾನೆ?"

"ದೇವರಾಣೆಗೂ."

ದಾಕ್ಷಾಯಿಣಿ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಹೋಗಿ, ಬೀದಿ ತುದಿಯ ಅಂಚೆಪೆಟ್ಟಿಗೆಗೆ ಒಪ್ಪಿಗೆ ಪತ್ರ ಹಾಕಿ ಬಂದಳು.