ಬೇವಿನ ಮರವಿರುವ ಕಾಲೇಜು

ಹಂಪಯ್ಯ ಮಾಸ್ತರರು ಮೆಡಿಕಲ್ ಕಾಲೇಜು ಸೇರುತ್ತಾರಂತೆ ಎಂಬ ಸುದ್ದಿ ಮೊಮ್ಮಗಳು ವಿಶಾಖಾಳಿಗೆ ಮುಟ್ಟಿದ್ದು ಪಕ್ಕದ ಮನೆಯ ಖುರ್ಷೀದ್ ಬೇಗಂ ಬಾಯಿಂದ. ಮಾನ್ವಿಯಲ್ಲಿ ಸುದ್ದಿ ಮೊದಲು ಗೋಡೆ ಹಾರಿ ಹೋಗುತ್ತದೆ, ಆಮೇಲೆ ಬಾಗಿಲಿನಿಂದ ಮನೆಗೆ ಬರುತ್ತದೆ.

“ನಿಮ್ಮ ಅಜ್ಜಾಗ ಎಪ್ಪತ್ತು ದಾಟ್ಯಾವ. ನೀಟಿಗೆ ಈಗ ವಯಸ್ಸಿನ ಪಾಬಂದಿ ಇಲ್ಲಂತ, ಖರೆ. ಆದ್ರ ಪರೀಕ್ಷಾ ಯಾವಾಗ ಬರದ್ರು?”

ವಿಶಾಖಾ ಸೀದಾ ಅಜ್ಜನ ಬಳಿ ಓಡಿದಳು. ಎರಡು ಸಲ ನೀಟ್ ಬರೆದು ಎರಡೂ ಸಲ ಹೊಸ್ತಿಲಲ್ಲೇ ಎಡವಿದವಳು ಅವಳು. ಮತ್ತೊಮ್ಮೆ ಬರೆಯಲು ದಿನವೂ ರಾಯಚೂರಿನ ಕೋಚಿಂಗಿಗೆ ಬಸ್ಸು ಹತ್ತುತ್ತಿದ್ದಾಳೆ. ಅಜ್ಜ ನೋಡಿದರೆ ಕಟ್ಟೆಯ ಮೇಲೆ ಚಹಾ ಹೀರುತ್ತ ಕಾಲೇಜು ಆರಿಸುತ್ತಿದ್ದಾರೆ!

“ಪರೀಕ್ಷಿ ಇಲ್ಲದ ಹೆಂಗ ತಗೋತಾರ ಅಜ್ಜಾ?”

“ನನ್ನಂಥವ್ರಿಗೆ ಪರೀಕ್ಷಿ ಇಲ್ಲವ್ವಾ. ಫೀಸೂ ಇಲ್ಲ. ಹೂಂ ಅಂದ್ರ ಸಾಕು, ಕೈ ಮುಗದು ಕರಕೋತಾರ.”

“ಯಾವನರೆ ದಲ್ಲಾಳಿ ಗಂಟು ಬಿದ್ದಾನೇನು?”

“ನಾನಾಗೇ ಹೋಗಿ ಕೇಳೀನಿ ಬೇ.”

“ನಿಮ್ಮ ಗೊರಕಿಗೆ ಹಾಸ್ಟೆಲ್ ಖಾಲಿ ಆಗತದ.”

“ಅಲ್ಲಿ ನಾ ಗೊರಕಿ ಹೊಡಿಯಂಗಿಲ್ಲ ತಗೋ,” ಎಂದು ಹಂಪಯ್ಯ ಚಹಾದ ಬಸಿ ಕೆಳಗಿಟ್ಟರು. “ಒಂದ ಮಾತು. ನಾಳಿ ನೀನೂ ಅದ ಕಾಲೇಜಿಗೆ ಬಂದಿ ಅಂದ್ರ, ನಾ ಇರೋ ಕ್ಲಾಸಿಗೆ ಮಾತ್ರ ಬರಬ್ಯಾಡ. ನಿನಗೂ ಕಷ್ಟ, ನನಗೂ ನಾಚಿಕಿ.”

ಸೀಟು ಕೊಡಿಸುತ್ತೇವೆಂದು ಟೋಪಿ ಹಾಕುವವರ ಕತೆಗಳನ್ನು ವಿಶಾಖಾ ಕೋಚಿಂಗಿನಲ್ಲಿ ಬೇಕಾದಷ್ಟು ಕೇಳಿದ್ದಳು. ಅಜ್ಜನ ಆಸೆ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಕೂಲಿ ಮಾಡುವವರ ಮಗನಾಗಿ ಹುಟ್ಟಿ ಡಾಕ್ಟರಾಗಬೇಕೆಂದು ಕನಸು ಕಂಡು, ಕೊನೆಗೆ ದೇವದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರಾದವರು. ಶಾಲೆಗೆ ಒಂದು ಅಸ್ಥಿಪಂಜರ ಕೊಡಿಸಿರೆಂದು ಕೇಳಿ ಕೇಳಿ ಸಾಕಾಗಿ, ಎಲುಬನ್ನೆಲ್ಲ ಸುಣ್ಣದಕಡ್ಡಿಯಲ್ಲೇ ಬರೆದು ನಿವೃತ್ತರಾದರು. ಆಸೆಯಿದ್ದವರಿಗೆ ಮೋಸ ಮಾಡುವುದು ಸುಲಭ. ಅದೇ ಅವಳ ಭಯ.

ವಿಚಿತ್ರವೆಂದರೆ ಅಜ್ಜಿ ಪಾರ್ವತೆಮ್ಮ ಬೈಯಲಿಲ್ಲ. ಆಕೆಯ ತಕರಾರು ಕಾಲೇಜು ಎಲ್ಲಿದೆ ಎಂಬುದರ ಬಗ್ಗೆ ಮಾತ್ರ. ಮಾಸ್ತರರ ಮನಸ್ಸು ಕಲಬುರಗಿಯ ಹಳೆಯ ಕಾಲೇಜೊಂದರ ಮೇಲಿತ್ತು. ಆಕೆ ಅಲ್ಲಿಗೂ ಹೋಗಿ ನೋಡಿ ಬಂದು ಮೂಗು ಮುರಿದಿದ್ದಳು.

“ದೂರ ಆಗತದ. ಬ್ಯಾಸಿಗ್ಯಾಗ ಹೊರಡೋದು ಬಂದ್ರ ಇವ್ರು ಅಲ್ಲೀತನ ತಾಳಂಗಿಲ್ಲ. ಮ್ಯಾಲ ಅಲ್ಲಿ ಬರೇ ಪಾರಿವಾಳ.”

“ಕಾಲೇಜಿಗೂ ಪಾರಿವಾಳಕ್ಕೂ ಏನ ಸಂಬಂಧ ಯವ್ವಾ?” ಎಂದಳು ವಿಶಾಖಾ.

ಪಾರ್ವತೆಮ್ಮ ಅವಳತ್ತ ನೋಡಲೂ ಇಲ್ಲ. ಗಂಡನಿಗೇ ಹೇಳಿದಳು, “ಐವತ್ತು ವರ್ಷ ಕೂಡಿ ಬಾಳೀವಿ. ಮೊಳಕಾಲು ನೋವು ನಂದು, ಎರಡೆರಡು ಬಸ್ ಹತ್ತಿ ಇಳಿಯಾಕ ಆಗಂಗಿಲ್ಲ. ನೀವು ಇರೋ ಜಾಗಕ್ಕ ನಾ ಒಬ್ಬಾಕಿನ ಬಂದು ಹೋಗಾಂಗ ಇರಬೇಕು. ಇಲ್ಲಂದ್ರ ನಾ ಸಹಿ ಮಾಡಂಗಿಲ್ಲ.”

ಮಾಸ್ತರರ ಕಣ್ಣು ತುಂಬಿತು. ಕಲಬುರಗಿಯ ಮಾತು ಅಲ್ಲಿಗೇ ಮುಗಿಯಿತು.

ರಾಯಚೂರಿನ ಕಾಲೇಜಿಗೆ ಹೊರಟ ದಿನ ವಿಶಾಖಾ ಕೋಚಿಂಗಿಗೆ ಚಕ್ಕರ್ ಹಾಕಿ ಬೆನ್ನು ಹತ್ತಿದಳು. ದಲ್ಲಾಳಿಯ ಕೊರಳಪಟ್ಟಿ ಹಿಡಿಯದೆ ಬಿಡುವುದಿಲ್ಲವೆಂದು ಪಣ ತೊಟ್ಟಿದ್ದಳು. ಅಜ್ಜಿಯ ತೊಡೆಯ ಮೇಲೆ ಊಟದ ಡಬ್ಬಿಯಿತ್ತು. ಅದರಲ್ಲಿ ಜೋಳದ ರೊಟ್ಟಿ, ಮಾಸ್ತರರು ಜೀವ ಬಿಡುವ ಎಣ್ಣೆಗಾಯಿ. ಅವರು ಬಸ್ಸಿನಲ್ಲೇ ಕೈ ಹಾಕಲು ಹೋಗಿ ಏಟು ತಿಂದರು.

“ತಡೀರಿ. ಮೊದಲ ನೋಡೋದದ.”

ಕಾಲೇಜಿನ ಗೇಟಿನೊಳಗೆ ದೊಡ್ಡ ಬೇವಿನ ಮರ. ಪಾರ್ವತೆಮ್ಮ ಕಟ್ಟಡದತ್ತ ತಿರುಗಿಯೂ ನೋಡಲಿಲ್ಲ. ನೇರವಾಗಿ ಕಾವಲುಗಾರನ ಬಳಿ ಹೋದಳು.

“ಯಪ್ಪಾ, ಡಬ್ಬಿ ತಂದ್ರ ಒಳಗ ಬಿಡ್ತೀರೇನು? ಈ ಗಿಡ ಕಡಿಯಂಗಿಲ್ಲ ಹೌದಲ್ಲ?”

“ಇದನ್ಯಾಕ ಕಡೀತಾರ ಬೇ? ಕುಂದುರ್ರಿ, ಉಣ್ರಿ.”

ಆಕೆ ಕುಳಿತಳು, ಆದರೆ ಉಣ್ಣಲಿಲ್ಲ. ರೊಟ್ಟಿ ಮುರಿದು, ಎಣ್ಣೆಗಾಯಿ ಸವರಿ, ಬೇರಿನ ಮೇಲಿಟ್ಟು ಹಿಂದೆ ಸರಿದಳು. ಕೊಂಬೆಯಿಂದ ಒಂದು ಕಾಗೆ ಇಳಿದು, ಕತ್ತು ಓರೆ ಮಾಡಿ ನೋಡಿ, ತುತ್ತು ಕಚ್ಚಿಕೊಂಡು ಹಾರಿತು. ಪಾರ್ವತೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇದಾ ಇರ್ಲಿ ರೀ. ಗಟ್ಟಿ ಮಾಡ್ರಿ.”

ವಿಶಾಖಾ ಹಣೆ ಚಚ್ಚಿಕೊಂಡಳು. ಮನೆಯ ಗೋಡೆಗೆ ಬುದ್ಧನ ಪಟ ಬಂದು ಎಷ್ಟೋ ವರ್ಷವಾಗಿದೆ, ಅಜ್ಜಿಯ ಶಕುನಗಳು ಮಾತ್ರ ಇನ್ನೂ ಮನೆ ಖಾಲಿ ಮಾಡಿಲ್ಲ.

ಒಳಗೆ ದಲ್ಲಾಳಿ ಯಾರೂ ಇರಲಿಲ್ಲ. ಬಿಳಿ ಕೋಟು ತೊಟ್ಟ ಡಾಕ್ಟರ್ ಮಲ್ಲಿಕಾ ಎದ್ದು ನಿಂತು ಕೈ ಮುಗಿದರು. ಹುಡುಗಿಗೆ ದಿಕ್ಕು ತಪ್ಪಿತು.

“ಮನಿಯವ್ರೆಲ್ಲ ಒಪ್ಪ್ಯಾರೇನ್ರಿ ಸರ್? ಆಮ್ಯಾಲ ತಕರಾರು ಆಗಬಾರದು.”

“ನಂದಂತೂ ಆಗ ಏನೂ ತಕರಾರು ಇರಂಗಿಲ್ರಿ,” ಎಂದು ಹಂಪಯ್ಯ ನಕ್ಕರು.

ಅವರು ಸಹಿ ಹಾಕಿದರು. ಪಾರ್ವತೆಮ್ಮನೂ ಹಾಕಿದಳು. ವಿಶಾಖಾಳಿಗೆ ತಡೆಯಲಾಗಲಿಲ್ಲ.

“ಮೇಡಂ, ಅಜ್ಜಾ ಯಾವತ್ತಿಂದ ಕ್ಲಾಸಿಗೆ ಬರಬೇಕು?”

“ಬಿಡ್ತು ಅನ್ನು!” ಎಂದು ಪಾರ್ವತೆಮ್ಮ ಅವಳ ಬಾಯಿಯ ಮೇಲೆ ಪಟ್ಟನೆ ಬಡಿದಳು.

ಡಾಕ್ಟರ್ ಮಲ್ಲಿಕಾ ಪೆನ್ನಿನ ಮುಚ್ಚಳ ಹಾಕಿದರು. “ಅವಸರ ಇಲ್ಲವ್ವಾ, ನಿಮ್ಮ ಅಜ್ಜಾರು ನೂರು ವರ್ಷ ಬಾಳಲಿ, ಅವರು ಹೋದ ಮ್ಯಾಲ ತಡ ಮಾಡದ ದೇಹ ತಂದು ಒಪ್ಪಿಸ್ರಿ, ಹುಡುಗ್ರು ನೋಡಿ ಕಲೀತಾರ.”